ಹಳ್ಳಿಗೆ ಫೈಬರ್ ಇಂಟರ್‌ನೆಟ್ ತರುವುದು ಹೇಗೆ? ಕೇಬಲ್ ಕಟ್ ಆಗುವ ದಿನದಿಂದ ಶುರುಮಾಡಿ

ಫೈಬರ್ ಎಂದರೆ ಕೇಬಲ್ ಎಳೆಯುವ ಕೆಲಸ ಎಂದೇ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಎಳೆಯುವುದು ಸುಲಭವಲ್ಲ, ಒಪ್ಪಿದೆ. ಆದರೂ ಅದು ಒಮ್ಮೆ ಮಾಡಿ ಮುಗಿಸುವ ಕೆಲಸ. ಮುಗಿಯದ ಕೆಲಸ ಆಮೇಲೆ ಬರುತ್ತದೆ. ಚರಂಡಿ ತೋಡಲು ಬಂದ ಜೆಸಿಬಿ ಒಂದು ಮಧ್ಯಾಹ್ನ ಕೇಬಲನ್ನು ಕಿತ್ತು ಮೇಲೆತ್ತುತ್ತದೆ. ಆಗ ಫೋನ್ ಮಾಡಬೇಕಾದ್ದು ಯಾರಿಗೆ? ಒಳಗಿನ ಗಾಜಿನ ಎಳೆಗಳನ್ನು ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್ ಎಲ್ಲಿದೆ? ಎಳೆದು ಜೋಡಿಸಲು ಹತ್ತು ಮೀಟರ್ ಜಾಸ್ತಿ ಕೇಬಲ್ ಹತ್ತಿರದಲ್ಲಿ ಎಲ್ಲಾದರೂ ಇದೆಯಾ? ಈ ಮೂರಕ್ಕೆ ಉತ್ತರ ಇರುವ ಊರಲ್ಲಿ ಫೈಬರ್ ಇಪ್ಪತ್ತು ವರ್ಷ ಬಾಳುತ್ತದೆ. ಇಲ್ಲದ ಊರಲ್ಲಿ ಮೊದಲ ಮಳೆಗಾಲಕ್ಕೇ ಅದು ಕಂಬದಿಂದ ಕಂಬಕ್ಕೆ ಕಟ್ಟಿದ ಕಪ್ಪು ಹಗ್ಗ, ಅಷ್ಟೇ.

ಅದಕ್ಕೇ ಇಲ್ಲಿ ಪ್ರತಿ ಹೆಜ್ಜೆಯಲ್ಲೂ ಒಂದು ಪ್ರಶ್ನೆ ಇಟ್ಟುಕೊಂಡು ಹೋಗುತ್ತೇನೆ: ಇದು ಹಾಳಾದರೆ ಊರಿನವರೇ ಸರಿಮಾಡಿಕೊಳ್ಳಬಹುದಾ? ಮುನ್ನೂರು, ಐನೂರು ಮನೆಗಳ ಒಂದು ಹಳ್ಳಿ, ಅಥವಾ ಅಂಥ ನಾಲ್ಕಾರು ಹಳ್ಳಿಗಳ ಗುಂಪನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೆಕ್ಕ.

ಹೆಜ್ಜೆ 1: ಹತ್ತಿರದ ದೊಡ್ಡ ಲೈನ್ ಎಲ್ಲಿದೆ ಹುಡುಕಿ

ಊರೊಳಗೆ ಎಷ್ಟೇ ಚೆನ್ನಾಗಿ ಜಾಲ ಕಟ್ಟಿದರೂ ಅದನ್ನು ಹೊರಗಿನ ಇಂಟರ್‌ನೆಟ್‌ಗೆ ಸೇರಿಸುವ ದೊಡ್ಡ ಲೈನ್ ಒಂದು ಬೇಕೇ ಬೇಕು. ಇದನ್ನು ಬ್ಯಾಕ್‌ಹಾಲ್ ಎನ್ನುತ್ತಾರೆ. ಕೇಬಲ್ ಕೊಳ್ಳುವ ಮಾತು ಇದಾದ ಮೇಲೆ.

ಹುಡುಕಾಟಕ್ಕೆ ಸುತ್ತಮುತ್ತ ಕಣ್ಣಾಡಿಸಿ. ಹೈಟೆನ್ಶನ್ ಟವರ್‌ಗಳ ತುತ್ತತುದಿಯಲ್ಲಿ ಸಿಡಿಲಿನಿಂದ ಕಾಪಾಡಲು ಒಂದು ತಂತಿ ಹೋಗಿರುತ್ತದೆ, ನೋಡಿದ್ದೀರಾ? ಎಷ್ಟೋ ಕಡೆ ಆ ತಂತಿಯ ಹೊಟ್ಟೆಯೊಳಗೇ ಫೈಬರ್ ಇರುತ್ತದೆ. ರೈಲು ಹಳಿಯ ಪಕ್ಕ, ಗ್ಯಾಸ್ ಪೈಪ್‌ಲೈನ್ ಪಕ್ಕ, ದೊಡ್ಡ ಹೆದ್ದಾರಿಯ ಅಂಚಿನಲ್ಲೂ ಫೈಬರ್ ಹೋಗಿರುತ್ತದೆ. ವಿದ್ಯುತ್ ಸಂಸ್ಥೆ, ರೈಲ್ವೆ, ಟೆಲಿಕಾಂ ಕಂಪನಿ ಇವರಲ್ಲಿ ಕೇಳಬೇಕಾದ್ದು ಎರಡು. ಖಾಲಿ ಬಿದ್ದಿರುವ ಎಳೆ, ಅಂದರೆ ಡಾರ್ಕ್ ಫೈಬರ್, ಬಾಡಿಗೆಗೆ ಸಿಗುತ್ತಾ? ಇಲ್ಲದಿದ್ದರೆ ಬರೀ ಬ್ಯಾಂಡ್‌ವಿಡ್ತ್, ಅಂದರೆ ಅವರ ಲೈನಿನಲ್ಲೇ ಇಂತಿಷ್ಟು ವೇಗ, ಸಿಗುತ್ತಾ? ಡಾರ್ಕ್ ಫೈಬರ್ ಸಿಕ್ಕರೆ ಬಿಡಬೇಡಿ. ಎರಡು ತುದಿಯ ಯಂತ್ರ ನಿಮ್ಮದೇ ಆಗಿರುವುದರಿಂದ ನಾಳೆ ವೇಗ ಹತ್ತು ಪಟ್ಟು ಬೇಕಾದರೂ ಯಾರ ಅಪ್ಪಣೆಯೂ ಬೇಡ.

ಎಷ್ಟು ಬ್ಯಾಂಡ್‌ವಿಡ್ತ್ ಕೊಳ್ಳಬೇಕು ಎಂಬಲ್ಲಿ ಹೊಸಬರು ಗಾಬರಿಯಾಗುತ್ತಾರೆ. 300 ಮನೆಗೆ ತಲಾ 50 ಎಂಬಿಪಿಎಸ್ ಪ್ಯಾಕೇಜ್ ಕೊಟ್ಟರೆ 15,000 ಎಂಬಿಪಿಎಸ್ ಬೇಕಲ್ಲ ಅಂತ. ಬೇಡ. ಎಲ್ಲರೂ ಒಂದೇ ಕ್ಷಣದಲ್ಲಿ ಪೂರ್ತಿ ವೇಗ ಎಳೆಯುವುದಿಲ್ಲ. ರಾತ್ರಿಯ ಜೋರು ಹೊತ್ತಿನಲ್ಲಿ ಮನೆಗೆ ಸರಾಸರಿ 2ರಿಂದ 3 ಎಂಬಿಪಿಎಸ್ ಹಿಡಿದರೆ ಶುರುವಿಗೆ ಸಾಕು. 300 ಮನೆಗೆ 600ರಿಂದ 900 ಎಂಬಿಪಿಎಸ್. ಒಂದು ಗಿಗಾಬಿಟ್, ಅಂದರೆ 1,000 ಎಂಬಿಪಿಎಸ್ ಲೈನಿನಲ್ಲಿ ಸಂಸಾರ ಸಾಗುತ್ತದೆ. ಆಮೇಲೆ ಬಳಕೆಯ ಗ್ರಾಫ್ ನೋಡಿಕೊಂಡು ಏರಿಸುತ್ತಾ ಹೋಗಿ.

ಫೈಬರ್ ಬ್ಯಾಕ್‌ಹಾಲ್ ಎಲ್ಲೂ ಸಿಗಲಿಲ್ಲ ಎಂದುಕೊಳ್ಳಿ. ಗುಡ್ಡದಿಂದ ಗುಡ್ಡಕ್ಕೆ ನೇರ ಕಾಣುವಂತಿದ್ದರೆ ತಂತಿಯಿಲ್ಲದ ಮೈಕ್ರೋವೇವ್ ಲಿಂಕ್ ಹಾಕಿ, ಊರೊಳಗೆ ಫೈಬರ್ ಎಳೆದು ಕೆಲಸ ಶುರುಮಾಡಬಹುದು. ದೊಡ್ಡ ಲೈನ್ ಬಂದ ದಿನ ಒಂದು ಕೇಬಲ್ ತೆಗೆದು ಇನ್ನೊಂದು ಚುಚ್ಚಿದರಾಯಿತು.

ಇದರ ಉಲ್ಟಾ ಕಥೆಯೂ ಇದೆ. ಪೆರುವಿನಲ್ಲಿ ಸರ್ಕಾರ 13,000 ಕಿಲೋಮೀಟರ್ ಮೀರಿದ ರಾಷ್ಟ್ರೀಯ ಫೈಬರ್ ಜಾಲ ಹಾಕಿಸಿತು. 2016ರ ಹೊತ್ತಿಗೆ ಅದು ಸಿದ್ಧ. ಆದರೆ ಅದರಿಂದ ಊರೂರಿಗೆ ಒಡೆಯಬೇಕಿದ್ದ ಕವಲುಗಳು ತಡವಾದವು, ಜಾಲದ ಬಹುಪಾಲು ಖಾಲಿ ಉಳಿಯಿತು. ಭಾರತದ ಭಾರತ್‌ನೆಟ್ ಯೋಜನೆಗೆ 2011ರಲ್ಲಿ ಬೇರೆ ಹೆಸರಿನಲ್ಲಿ ಒಪ್ಪಿಗೆ ಸಿಕ್ಕಿತ್ತು. ಗುರಿ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿ. 2023ರಲ್ಲಿ ಅದನ್ನು ತಿದ್ದಿ ಬರೆದಾಗ ಎರಡು ಸಂಗತಿ ಸೇರಿದವು. ಒಂದೇ ಉದ್ದ ಗೆರೆಯ ಬದಲು ರಿಂಗ್, ಅಂದರೆ ಒಂದು ಕಡೆ ಕಟ್ ಆದರೆ ಇನ್ನೊಂದು ಕಡೆಯಿಂದ ಸುತ್ತಿ ಬರುವ ದಾರಿ. ಜೊತೆಗೆ ಗುತ್ತಿಗೆಯಲ್ಲೇ ಕಟ್ಟುವುದಕ್ಕೆ 3 ವರ್ಷ, ನೋಡಿಕೊಳ್ಳುವುದಕ್ಕೆ 10 ವರ್ಷ. ಆ 3 ಮತ್ತು 10ರ ಅನುಪಾತವನ್ನು ನೆನಪಿಟ್ಟುಕೊಳ್ಳಿ.

ಹೆಜ್ಜೆ 2: ಯಾರದ್ದು ಈ ಜಾಲ?

ಸಹಕಾರ ಸಂಘವಾ, ಪಂಚಾಯಿತಿಯಾ, ಊರಿನ ಒಬ್ಬ ಕೇಬಲ್ ಆಪರೇಟರಾ? ಯಾವುದಾದರೂ ಆಗಬಹುದು. ಯಾರದ್ದೂ ಅಲ್ಲ ಎನ್ನುವಂತಾಗಬಾರದು.

ಸ್ಪೇನಿನ ಕ್ಯಾಟಲೋನಿಯಾದಲ್ಲಿ 2004ರಲ್ಲಿ ಹಳ್ಳಿಗರು ವೈಫೈಯಿಂದ ಶುರುಮಾಡಿದ ಗುಯಿಫಿ ಜಾಲ ಆಮೇಲೆ ಫೈಬರ್‌ಗೂ ಬೆಳೆಯಿತು. ಅಲ್ಲಿ ತಂತಿ ಎಲ್ಲರ ಸೊತ್ತು, ಅದರ ಮೇಲೆ ಯಾರು ಬೇಕಾದರೂ ಸೇವೆ ಮಾರಬಹುದು. ಇಂಗ್ಲೆಂಡಿನ ಲ್ಯಾಂಕಾಷೈರ್ ಕಡೆ ಬಿ4ಆರ್‌ಎನ್ ಎಂಬ ಸಂಸ್ಥೆಯಿದೆ. ರೈತರು ತಮ್ಮ ಹೊಲದಲ್ಲಿ ದಾರಿ ಬಿಟ್ಟುಕೊಟ್ಟು, ತಾವೇ ಗುಂಡಿ ತೋಡಿದರು. ಅದು ಬಡ ದೇಶವೇನಲ್ಲ, ಆದರೂ ಪಾಠ ಎಲ್ಲರಿಗೂ ಒಂದೇ. ತನ್ನ ಕೈಯಿಂದ ತೋಡಿದ ಗುಂಡಿಯಲ್ಲಿ ಏನಿದೆ ಎಂದು ಗೊತ್ತಿರುವ ರೈತ ಅಲ್ಲಿ ನೇಗಿಲು ಹಾಯಿಸುವ ಮುನ್ನ ಎರಡು ಸಲ ಯೋಚಿಸುತ್ತಾನೆ.

ಇನ್ನು ಲೈಸೆನ್ಸ್, ರಸ್ತೆ ಬದಿಯಲ್ಲಿ ತೋಡಲು ಅನುಮತಿ, ಕಂಬ ಬಳಸಲು ಒಪ್ಪಂದ. ದೇಶದಿಂದ ದೇಶಕ್ಕೆ ನಿಯಮ ಬೇರೆ. ಸ್ವಂತ ಲೈಸೆನ್ಸ್ ಕಷ್ಟವಾದರೆ ಈಗಾಗಲೇ ಲೈಸೆನ್ಸ್ ಇರುವ ಕಂಪನಿಯ ಫ್ರಾಂಚೈಸಿಯಾಗಿ ಶುರುಮಾಡುವವರೇ ಜಾಸ್ತಿ. ಅನೇಕ ದೇಶಗಳಲ್ಲಿ ಟೆಲಿಕಾಂ ಕಂಪನಿಗಳ ಆದಾಯದಿಂದ ಒಂದು ಪಾಲು ತೆಗೆದು ಹಳ್ಳಿಗಳ ಸಂಪರ್ಕಕ್ಕೆಂದೇ ನಿಧಿ ಇಟ್ಟಿರುತ್ತಾರೆ. ಅರ್ಜಿ ಹಾಕಿ. ಹಾಕುವಾಗ ರಿಪೇರಿಯ ಖರ್ಚನ್ನೂ ಅದರಲ್ಲಿ ಕೇಳಿ. ಇಂಥ ಹಣ ಸಾಮಾನ್ಯವಾಗಿ ಕಟ್ಟುವುದಕ್ಕೆ ಸುಲಭವಾಗಿ ಸಿಗುತ್ತದೆ, ನಡೆಸುವುದಕ್ಕೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಹೆಜ್ಜೆ 3: ನಡೆದು ನೋಡಿ

ಸ್ಯಾಟಲೈಟ್ ಮ್ಯಾಪ್ ನೋಡಿ ಗೆರೆ ಎಳೆಯುವುದು ಹತ್ತು ನಿಮಿಷದ ಕೆಲಸ. ಆ ಗೆರೆಯ ಮೇಲೆ ನಡೆದರೆ ಒಂದು ವಾರ. ಆ ವಾರವನ್ನು ಉಳಿಸಲು ಹೋಗಬೇಡಿ.

ಫೋನಿನ ಜಿಪಿಎಸ್ ಆನ್ ಮಾಡಿಕೊಂಡು ಪ್ರತಿ ಕಂಬಕ್ಕೂ ಒಂದು ಗುರುತು ಹಾಕುತ್ತಾ ಹೋಗಿ. ಕಂಬ ನೇರವಿದೆಯಾ, ಬುಡ ಕೊಳೆತಿದೆಯಾ, ಮುಂದಿನ ಕಂಬಕ್ಕೆ ಎಷ್ಟು ದೂರ, ನಡುವೆ ರಸ್ತೆ ದಾಟುತ್ತದಾ, ಲೋಡ್ ತುಂಬಿದ ಲಾರಿ ಅಡಿಯಲ್ಲಿ ಹಾಯುತ್ತದಾ ಎಲ್ಲ ಬರೆಯಿರಿ. ಆಮೇಲೆ ಕ್ಯೂಜಿಐಎಸ್‌ನಂಥ ಉಚಿತ ಮ್ಯಾಪ್ ಸಾಫ್ಟ್‌ವೇರಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ಕೂರಿಸಿ. ಊರಿನ ಹಿರಿಯರನ್ನು ಒಂದು ಮಾತು ಕೇಳಿ: ದೊಡ್ಡ ಮಳೆ ಬಂದಾಗ ನೀರು ಎಲ್ಲಿವರೆಗೆ ಏರುತ್ತದೆ? ಯಾವ ಮ್ಯಾಪಿನಲ್ಲೂ ಸಿಗದ ಉತ್ತರ ಅದು.

ಹೆಜ್ಜೆ 4: ಕಂಬವೋ, ನೆಲವೋ?

ನೆಲದಡಿಯ ಕೇಬಲ್ ಚೆಂದ, ಗಾಳಿಮಳೆಗೆ ಅಂಜುವುದಿಲ್ಲ. ಒಂದರಿಂದ ಒಂದೂವರೆ ಮೀಟರ್ ಆಳದ ಗುಂಡಿ, ಅದರಲ್ಲಿ 40 ಮಿಲಿಮೀಟರಿನ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪ್, ಪೈಪಿನೊಳಗೆ ಕೇಬಲ್. ಪೈಪಿನಿಂದ ಒಂದಡಿ ಮೇಲೆ ಬಣ್ಣದ ಎಚ್ಚರಿಕೆ ಪಟ್ಟಿ ಹಾಸಿ ಮಣ್ಣು ಮುಚ್ಚಬೇಕು. ಖರ್ಚಿನ ಬಹುಪಾಲು ನುಂಗುವುದು ಈ ತೋಡುವ ಕೆಲಸವೇ. ಕಲ್ಲು ಬಂದರೆ ಕೇಳುವುದೇ ಬೇಡ.

ಕಂಬದ ಮೇಲಾದರೆ ಖರ್ಚು ಕಡಿಮೆ, ಕೆಲಸ ಬೇಗ. ಇದಕ್ಕೆ ಎಡಿಎಸ್‌ಎಸ್ ಎಂಬ ಕೇಬಲ್ ಬರುತ್ತದೆ. ಒಳಗೆ ಲೋಹವೇ ಇಲ್ಲ, ತನ್ನ ಭಾರ ತಾನೇ ಹೊರುತ್ತದೆ. ಕರೆಂಟ್ ಕಂಬಕ್ಕೆ ಹೊಂದುವುದು ಇದೇ. ಇನ್ನೊಂದು, 8ರ ಆಕಾರದ್ದು. ಮೇಲಿನ ಸೊನ್ನೆಯಲ್ಲಿ ಉಕ್ಕಿನ ತಂತಿ, ಕೆಳಗಿನದರಲ್ಲಿ ಫೈಬರ್. ಉಕ್ಕು ಇರುವುದರಿಂದ ಅದನ್ನು ಕರೆಂಟ್ ತಂತಿಯ ಹತ್ತಿರ ಒಯ್ಯಬೇಡಿ. ಹೈವೋಲ್ಟೇಜ್ ಕಂಬಕ್ಕೆ ಹಾಕುವುದಾದರೆ ಎಡಿಎಸ್‌ಎಸ್‌ನಲ್ಲೂ ಅದಕ್ಕೆಂದೇ ಮಾಡಿದ ಹೊರಕವಚ ಕೇಳಿ ತರಿಸಿ. ಸಾಮಾನ್ಯ ಪ್ಲಾಸ್ಟಿಕ್ ಕವಚ ಆ ವಿದ್ಯುತ್ ಕ್ಷೇತ್ರದಲ್ಲಿ ನಿಧಾನಕ್ಕೆ ಸುಟ್ಟು ಬಿರಿಯುತ್ತದೆ. ಕಂಬ ಹತ್ತುವ ಮೊದಲು ವಿದ್ಯುತ್ ಇಲಾಖೆಯವರೇ ಬಂದು ಲೈನ್ ಆಫ್ ಮಾಡಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಮೂರನೇ ದಾರಿಯೂ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಕಂಬ ನೆಡಲೂ ಆಗದ, ತೋಡಲೂ ಆಗದ ಗುಡ್ಡಗಾಡಿಗೆ ಗಟ್ಟಿ ಕವಚದ ಕೇಬಲನ್ನು ನೆಲದ ಮೇಲೇ ಹಾಸಿಬಿಡುವುದು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಎಲ್.110 ಮಾನದಂಡ ಇಂಥ ಕೇಬಲಿನ ಬಗ್ಗೆಯೇ ಇದೆ.

ನನ್ನನ್ನು ಕೇಳಿದರೆ ಮೊದಲು ಕಂಬ. ಕಂಬದ ಮೇಲೆ ಕಟ್ ಆದದ್ದು ಕಣ್ಣಿಗೆ ಕಾಣುತ್ತದೆ, ಏಣಿ ಇದ್ದರೆ ಕೈಗೂ ಸಿಗುತ್ತದೆ. ನೆಲದಡಿಯದು ಹಾಗಲ್ಲ, ಹುಡುಕಿ, ತೋಡಿ, ಕೆಸರು ಬಳಿದು ನೋಡಬೇಕು. ರಸ್ತೆ ದಾಟುವಲ್ಲಿ, ಊರ ಮುಖ್ಯ ಬೀದಿಯಲ್ಲಿ ಮಾತ್ರ ನೆಲದಡಿ ಹೋಗಿ. ಇಲಿ ಕಾಟ ಇರುವಲ್ಲಿ ಉಕ್ಕಿನ ಪಟ್ಟಿ ಸುತ್ತಿದ ಕೇಬಲ್ ಹಾಕಿ.

ಹೆಜ್ಜೆ 5: ಬೆಳಕಿನ ಜಮಾಖರ್ಚು

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ. ಇಡೀ ಯೋಜನೆಯ ಜೀವಾಳ ಈ ಲೆಕ್ಕ, ಮತ್ತು ಇದು ಕೂಡಿಸು ಕಳೆ ಬಿಟ್ಟರೆ ಬೇರೇನಲ್ಲ.

ಹಳ್ಳಿಗಳಿಗೆ ಜಿಪಾನ್ ಎಂಬ ತಂತ್ರಜ್ಞಾನ ಚೆನ್ನಾಗಿ ಹೊಂದುತ್ತದೆ. ಊರ ಆಫೀಸಿನಲ್ಲಿ ಓಎಲ್‌ಟಿ ಎಂಬ ಪೆಟ್ಟಿಗೆ. ಅದರ ಒಂದೊಂದು ಪೋರ್ಟಿನಿಂದ ಒಂದೊಂದು ಎಳೆ ಹೊರಡುತ್ತದೆ. ದಾರಿಯಲ್ಲಿ ಸ್ಪ್ಲಿಟರ್ ಎಂಬ ಗಾಜಿನ ಕವಲು ಆ ಬೆಳಕನ್ನು 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಮನೆಯಲ್ಲಿ ಆ ಬೆಳಕನ್ನು ಹಿಡಿಯುವ ಸಣ್ಣ ಪೆಟ್ಟಿಗೆ, ಓಎನ್‌ಟಿ. ಒಂದು ಪೋರ್ಟಿಗೆ ಕೆಳಮುಖವಾಗಿ ಸುಮಾರು 2.5 ಗಿಗಾಬಿಟ್, ಮೇಲ್ಮುಖವಾಗಿ ಸುಮಾರು 1.25 ಗಿಗಾಬಿಟ್. ಹೋಗುವ ಬೆಳಕು 1490 ನ್ಯಾನೋಮೀಟರ್, ಬರುವುದು 1310, ಹಾಗಾಗಿ ಒಂದೇ ಎಳೆಯಲ್ಲಿ ಎರಡೂ ಓಡಾಡುತ್ತವೆ. ಆಫೀಸಿಗೂ ಮನೆಗೂ ನಡುವೆ ಕರೆಂಟ್ ಬೇಕಾದ ಯಂತ್ರ ಒಂದೂ ಇಲ್ಲ. ಕರೆಂಟ್ ಕೈಕೊಡುವ ಊರುಗಳಿಗೆ ಇದಕ್ಕಿಂತ ಬೇರೆ ಏನು ಬೇಕು?

ಬೆಳಕು ದಾರಿಯಲ್ಲಿ ಸೋರುತ್ತದೆ. ಆ ನಷ್ಟವನ್ನು ಡೆಸಿಬೆಲ್, ಅಂದರೆ ಡಿಬಿಯಲ್ಲಿ ಅಳೆಯುತ್ತಾರೆ. 1966ರಲ್ಲಿ ವಿಜ್ಞಾನಿ ಚಾರ್ಲ್ಸ್ ಕಾವ್, ಗಾಜಿನ ಕಲ್ಮಶ ತೆಗೆದರೆ ಕಿಲೋಮೀಟರಿಗೆ 20 ಡಿಬಿಗಿಂತ ಕಡಿಮೆ ನಷ್ಟದಲ್ಲಿ ಬೆಳಕು ಸಾಗಿಸಬಹುದು ಎಂದು ವಾದಿಸಿದಾಗ ನಂಬಿದವರು ಕಡಿಮೆ. 20 ಡಿಬಿ ಎಂದರೆ ನೂರರಲ್ಲಿ ಒಂದು ಭಾಗ ಮಾತ್ರ ಉಳಿಯುವುದು. 1970ರಲ್ಲಿ ಕಾರ್ನಿಂಗ್ ಕಂಪನಿಯವರು 17 ಡಿಬಿಗೆ ಇಳಿಸಿ ತೋರಿಸಿದರು. 2009ರಲ್ಲಿ ಕಾವ್ ಅವರಿಗೆ ನೊಬೆಲ್ ಬಂತು. ಈಗ ನೀವು ಕೊಳ್ಳುವ ಸಾಧಾರಣ ಫೈಬರಿನಲ್ಲೂ 1310ರ ಬೆಳಕಿಗೆ ಕಿಲೋಮೀಟರಿಗೆ ಸುಮಾರು 0.35 ಡಿಬಿ ಅಷ್ಟೇ. ನೂರರಲ್ಲಿ 92 ಭಾಗ ಆ ಕಡೆ ತಲುಪುತ್ತದೆ.

ಸರಿ, ಲೆಕ್ಕಕ್ಕೆ ಬರೋಣ. ಓಎಲ್‌ಟಿ ಪೋರ್ಟಿಗೆ ಚುಚ್ಚುವ, ಬೆಳಕು ಬಿಡುವ ಬಿ ಪ್ಲಸ್ ದರ್ಜೆಯ ಜಿಪಾನ್ ಮಾಡ್ಯೂಲಿಗೆ ಒಟ್ಟು 28 ಡಿಬಿ ಕಳೆಯಲು ಅವಕಾಶ. ಇದೇ ನಿಮ್ಮ ಜೇಬಿನ ದುಡ್ಡು ಅಂದುಕೊಳ್ಳಿ. ಅತಿ ದೂರದ ಮನೆ 12 ಕಿಲೋಮೀಟರ್ ಆಚೆ ಇದೆ.

ಫೈಬರ್: 12 × 0.35 = 4.2
ಎಂಟು ಜಾಯಿಂಟ್, ತಲಾ 0.1 = 0.8
ನಾಲ್ಕು ಕನೆಕ್ಟರ್, ತಲಾ 0.5 = 2.0
ನಾಲ್ಕರ ಸ್ಪ್ಲಿಟರ್ = 7.3
ಎಂಟರ ಸ್ಪ್ಲಿಟರ್ = 10.5

ಒಟ್ಟು 24.8. ಕೈಯಲ್ಲಿ 3.2 ಡಿಬಿ ಉಳಿಯಿತು. ಈ ಉಳಿತಾಯ ಸುಮ್ನೆ ಇಟ್ಟದ್ದಲ್ಲ. ಪ್ರತಿ ಸಲ ಕೇಬಲ್ ಕಟ್ ಆಗಿ ಜೋಡಿಸಿದಾಗಲೂ ಒಂದೆರಡು ಜಾಯಿಂಟ್ ಹೆಚ್ಚುತ್ತದೆ. ವರ್ಷಗಳು ಕಳೆದಂತೆ ಕನೆಕ್ಟರಿಗೆ ಧೂಳು ಕೂರುತ್ತದೆ. 3 ಡಿಬಿಗಿಂತ ಕಡಿಮೆ ಉಳಿದರೆ ವಿನ್ಯಾಸ ಬದಲಿಸಿ. ಸ್ಪ್ಲಿಟರ್ ಚಿಕ್ಕದು ಮಾಡಿ, ಇಲ್ಲವೇ ಇನ್ನೂ ಹೆಚ್ಚು ನಷ್ಟ ತಾಳುವ ಸಿ ಪ್ಲಸ್ ಮಾಡ್ಯೂಲ್ ಹಾಕಿ.

ಸ್ಪ್ಲಿಟರನ್ನು ನಾಲ್ಕು, ಎಂಟು ಎಂದು ಎರಡು ಹಂತದಲ್ಲಿ ಒಡೆದದ್ದು ಯಾಕೆಂದರೆ ಹಳ್ಳಿಯ ಮನೆಗಳು ಕೇರಿ ಕೇರಿಯಾಗಿ ಗುಂಪುಗೂಡಿರುತ್ತವೆ. ಕೇರಿಗೊಂದು ಎಂಟರ ಪೆಟ್ಟಿಗೆ. ಎಂಟೂ ಪೋರ್ಟ್ ಮೊದಲ ದಿನವೇ ತುಂಬಿಸಬೇಡಿ. ಮುಂದಿನ ವರ್ಷ ಹೊಸ ಮನೆ ಏಳುತ್ತದೆ, ಅಲ್ವಾ? ಇದ್ದ ಪೋರ್ಟ್ ಕೆಡಲೂಬಹುದು.

ಹೆಜ್ಜೆ 6: ಯಾವ ಕೇಬಲ್, ಎಷ್ಟು ಎಳೆ?

ಮುಖ್ಯ ದಾರಿಗೆ ಜಿ.652ಡಿ ಜಾತಿಯ ಫೈಬರ್. ಮನೆಗೆ ಇಳಿಯುವ ಡ್ರಾಪ್ ಕೇಬಲಿಗೆ ಜಿ.657ಎ2. ಎರಡನೆಯದು 7.5 ಮಿಲಿಮೀಟರ್ ತ್ರಿಜ್ಯದಷ್ಟು ಬಾಗಿದರೂ ಬೆಳಕು ಹೆಚ್ಚು ಸೋರುವುದಿಲ್ಲ. ಮನೆಯವರು ಮೂಲೆಯಲ್ಲಿ ಅದನ್ನು ಮೊಳೆಗೆ ಸುತ್ತುವುದು ಖಚಿತ, ಹಾಗಾಗಿ ಇದೇ ಇರಲಿ.

12 ಎಳೆ ಸಾಕು ಅಂತ ಲೆಕ್ಕ ಬಂದರೆ 24 ಎಳೆಯದ್ದು ಕೊಳ್ಳಿ. ತೋಡುವ, ಎಳೆಯುವ ಖರ್ಚು ಎರಡಕ್ಕೂ ಒಂದೇ. ಎಳೆಗಳ ಬಣ್ಣಕ್ಕೆ ಒಂದು ಕ್ರಮವಿದೆ: ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿನೀಲಿ. ಇದನ್ನು ಅಚ್ಚುಹಾಕಿಸಿ ಪ್ರತಿ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ರಾತ್ರಿ ಟಾರ್ಚ್ ಬೆಳಕಿನಲ್ಲಿ ಬೂದು ಯಾವುದು ಬಿಳಿ ಯಾವುದು ಎಂದು ಒದ್ದಾಡುವವರಿಗೆ ಇದರ ಬೆಲೆ ಗೊತ್ತು.

ಹೆಜ್ಜೆ 7: ಎಳೆಯುವುದು

ಡ್ರಮ್ ಬಂದ ಕೂಡಲೇ, ಎಳೆಯುವ ಮೊದಲೇ, ಎಲ್ಲ ಎಳೆಗಳನ್ನೂ ಓಟಿಡಿಆರ್‌ನಲ್ಲಿ ಪರೀಕ್ಷಿಸಿ. ಓಟಿಡಿಆರ್ ಫೈಬರಿಗೆ ಬೆಳಕಿನ ಮಿಡಿತ ಬಿಟ್ಟು, ಮರಳಿ ಬರುವ ಪ್ರತಿಧ್ವನಿಯಿಂದ ಎಷ್ಟು ದೂರದಲ್ಲಿ ಏನಾಗಿದೆ ಎಂದು ಹೇಳುವ ಯಂತ್ರ. ಲಾರಿಯಿಂದ ಉರುಳಿಸುವಾಗಲೇ ಒಳಗೆ ಮುರಿದಿದ್ದರೆ ಎಳೆದ ಮೇಲೆ ಗೊತ್ತಾಗಿ ಏನು ಸುಖ?

ಎಳೆಯುವಾಗ ಬಾಗುವಿಕೆಯ ಮೇಲೆ ಕಣ್ಣಿಡಿ. ಎಳೆತ ಇರುವಾಗ ಕೇಬಲಿನ ದಪ್ಪದ 20 ಪಟ್ಟಿಗಿಂತ, ನೆಲೆ ನಿಂತ ಮೇಲೆ 10 ಪಟ್ಟಿಗಿಂತ ಚಿಕ್ಕ ತ್ರಿಜ್ಯದಲ್ಲಿ ಬಾಗಿಸಬಾರದು. ಉದ್ದ ಕೇಬಲನ್ನು ನೆಲದ ಮೇಲೆ ಬಿಚ್ಚಿಡಬೇಕಾದರೆ ಗುಂಡಗೆ ಸುತ್ತಬೇಡಿ, 8ರ ಆಕಾರದಲ್ಲಿ ಹಾಸಿ. ಗುಂಡಗೆ ಸುತ್ತಿದ್ದು ಎಳೆಯುವಾಗ ತಿರುಚಿಕೊಂಡು ಗಂಟು ಬೀಳುತ್ತದೆ.

ಈಗ ಈ ಬರಹದ ಅತಿ ಮುಖ್ಯ ಮಾತು. ಸುಮಾರು 500 ಮೀಟರಿಗೊಮ್ಮೆ, ಜೊತೆಗೆ ಪ್ರತಿ ರಸ್ತೆ ದಾಟುವಲ್ಲಿ, 20 ಮೀಟರ್ ಕೇಬಲನ್ನು ಲೂಪ್ ಮಾಡಿ ಕಂಬಕ್ಕೆ ಕಟ್ಟಿಡಿ. ದುಂದು ಅನ್ನಿಸುತ್ತದೆ. ಕಟ್ ಆದ ದಿನ ಎರಡೂ ಕಡೆಯ ಲೂಪಿನಿಂದ ಕೇಬಲ್ ಬಿಚ್ಚಿ ಎಳೆದುಕೊಂಡರೆ ಒಂದೇ ಜಾಯಿಂಟಿನಲ್ಲಿ ಕೆಲಸ ಮುಗಿಯುತ್ತದೆ. ಲೂಪ್ ಇಲ್ಲದಿದ್ದರೆ ನಡುವೆ ಹೊಸ ತುಂಡು ಹಾಕಿ ಎರಡು ಜಾಯಿಂಟ್ ಮಾಡಬೇಕು. ಕೆಲಸ ಎರಡರಷ್ಟು, ನಷ್ಟವೂ ಎರಡರಷ್ಟು.

ಕೇಬಲಿನ ಮೈಮೇಲೆ ಒಂದೊಂದು ಮೀಟರಿಗೂ ಅಂಕೆ ಅಚ್ಚಾಗಿರುತ್ತದೆ. ಪ್ರತಿ ಕಂಬದ ಬಳಿ ಆ ಅಂಕೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಕಂಬ 41, ಅಂಕೆ 2010. ಕಂಬ 42, ಅಂಕೆ 2058. ಬೇಜಾರಿನ ಕೆಲಸ. ಒಬ್ಬ ಹುಡುಗನನ್ನು ಇದಕ್ಕೆಂದೇ ನೇಮಿಸಿದರೂ ನಷ್ಟವಿಲ್ಲ. ಯಾಕೆ ಎಂದು ಕೊನೆಯ ಹೆಜ್ಜೆಯಲ್ಲಿ ಹೇಳುತ್ತೇನೆ.

ಹೆಜ್ಜೆ 8: ಕೂದಲೆಳೆಯ ಬೆಸುಗೆ

ಸ್ಪ್ಲೈಸಿಂಗ್ ಅನ್ನು ಹೊರಗಿನವರಿಗೆ ಬಿಡಬೇಡಿ. ಊರಿನ ಇಬ್ಬರಿಗಾದರೂ ಕಲಿಸಿ. ಒಬ್ಬರಿಗೆ ಕಲಿಸಿದರೆ ಅವರು ಮದುವೆಗೆ ಹೋದ ದಿನವೇ ಕೇಬಲ್ ಕಟ್ ಆಗುತ್ತದೆ.

ಕೆಲಸ ಹೀಗಿದೆ. ಹೊರಕವಚ ಬಿಚ್ಚಿದಾಗ ಒಳಗಿನ ಕೊಳವೆಯಲ್ಲಿ ಅಂಟಂಟು ಜೆಲ್ ಇರುತ್ತದೆ. ನೀರು ಒಳನುಗ್ಗದಿರಲಿ ಎಂದು ತುಂಬಿದ್ದು. ಟಿಶ್ಯೂ ಪೇಪರಿನಿಂದ ಪೂರ್ತಿ ಒರೆಸಿ. ಎಳೆ ಎತ್ತಿಕೊಂಡು, ಮೊದಲು ಶಾಖಕ್ಕೆ ಕುಗ್ಗುವ ಸ್ಲೀವ್ ತೂರಿಸಿ. ಇದನ್ನು ಮರೆತು ಬೆಸುಗೆ ಹಾಕಿ, ಮತ್ತೆ ಕತ್ತರಿಸಿ ಮಾಡದ ಸ್ಪ್ಲೈಸರ್ ಭೂಮಿಯ ಮೇಲಿಲ್ಲ. ಸ್ಟ್ರಿಪ್ಪರಿನಿಂದ ಬಣ್ಣದ ಲೇಪ ಸುಲಿದರೆ 125 ಮೈಕ್ರಾನಿನ ಬರೀ ಗಾಜು ಉಳಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಚೊಕ್ಕಟವಾದರೆ ಕಿರ್ ಎಂದು ಸಣ್ಣ ಸದ್ದು ಬರುತ್ತದೆ. ಕ್ಲೀವರಿನಲ್ಲಿಟ್ಟು ತುದಿಯನ್ನು ನೇರ ಕತ್ತರಿಸಿ. ಇನ್ನು ಅದನ್ನು ಮುಟ್ಟುವಂತಿಲ್ಲ, ಒರೆಸುವಂತಿಲ್ಲ. ಎರಡೂ ತುದಿಗಳನ್ನು ಮೆಷಿನ್ನಿನಲ್ಲಿಟ್ಟು ಮುಚ್ಚಳ ಮುಚ್ಚಿದರೆ ಪರದೆಯ ಮೇಲೆ ಎರಡು ಕಂಬಗಳ ಹಾಗೆ ಕಾಣುತ್ತವೆ, ತಾವೇ ಹತ್ತಿರ ಬಂದು ಸರಿಯಾಗಿ ನಿಲ್ಲುತ್ತವೆ, ಒಂದು ಕಿಡಿ, ಒಂದಾಗಿಬಿಡುತ್ತವೆ. ಮೆಷಿನ್ 0.02 ಡಿಬಿ ಎಂದು ತೋರಿಸಿದರೆ ಚೆನ್ನಾಗಿದೆ. 0.1 ದಾಟಿದರೆ ಕತ್ತರಿಸಿ ಮತ್ತೆ ಮಾಡಿ. ಮೆಷಿನ್ ಹೇಳುವುದು ಅಂದಾಜು ಮಾತ್ರ, ಕೊನೆಯ ತೀರ್ಪು ಓಟಿಡಿಆರ್‌ನದ್ದು.

ಕತ್ತರಿಸಿ ಬಿದ್ದ ಗಾಜಿನ ಚೂರು ಕಣ್ಣಿಗೆ ಕಾಣುವುದಿಲ್ಲ, ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಕಷ್ಟ. ಮುಚ್ಚಳವಿರುವ ಒಂದು ಡಬ್ಬಿ ಸದಾ ಪಕ್ಕದಲ್ಲಿರಲಿ. ಆ ಜಾಗದಲ್ಲಿ ಊಟ ತಿಂಡಿ ಬೇಡ. ಬೆಳಕು ಹರಿಯುತ್ತಿರುವ ಫೈಬರಿನ ತುದಿಯನ್ನು ಕಣ್ಣಿಟ್ಟು ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣದ್ದು, ಹಾಗಾಗಿಯೇ ಅಪಾಯ.

ಕ್ಲೋಶರ್, ಅಂದರೆ ಜಾಯಿಂಟ್ ಪೆಟ್ಟಿಗೆಯನ್ನು ಮುಚ್ಚುವಾಗ ರಬ್ಬರ್ ಸೀಲ್ ಮಣ್ಣಾಗಿರಬಾರದು. ಒಂದು ಮರಳಿನ ಕಣ ಸಾಕು ನೀರು ಇಳಿಯಲು.

ಹೆಜ್ಜೆ 9: ಕರೆಂಟ್ ಮತ್ತು ಸಿಡಿಲು

ಸಣ್ಣ ಓಎಲ್‌ಟಿ, ರೂಟರ್, ಸ್ವಿಚ್ ಎಲ್ಲ ಸೇರಿ 120 ವ್ಯಾಟ್ ಎನ್ನೋಣ. 12 ತಾಸು ಕರೆಂಟ್ ಇಲ್ಲದಿದ್ದರೂ ನಡೆಯಬೇಕಾದರೆ 1,440 ವ್ಯಾಟ್-ಅವರ್ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು 80 ಪ್ರತಿಶತದಷ್ಟು ಬಳಸಬಹುದು, ಆದ್ದರಿಂದ 1,800. ಎಂದರೆ 48 ವೋಲ್ಟ್, 40 ಆಂಪಿಯರ್-ಅವರ್ ಬ್ಯಾಟರಿ. ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗಿಳಿಸಬಾರದು, ದೊಡ್ಡದು ಬೇಕಾಗುತ್ತದೆ. ಪೂರ್ತಿ ಸೋಲಾರಿನಲ್ಲೇ ನಡೆಸಲು ಒಳ್ಳೆಯ ಬಿಸಿಲಿನ ಜಾಗದಲ್ಲಿ ಸುಮಾರು 900 ವ್ಯಾಟ್ ಪ್ಯಾನೆಲ್. ಮೋಡದ ದಿನಗಳಿಗೆ ಬ್ಯಾಟರಿಯನ್ನು ಇನ್ನೂ ಹಿಗ್ಗಿಸಿ.

ಫೈಬರ್ ಗಾಜು, ಸಿಡಿಲು ಹಾಯುವುದಿಲ್ಲ. ಕೇಬಲಿನ ಉಕ್ಕಿನ ಪಟ್ಟಿಯಲ್ಲಿ ಚೆನ್ನಾಗಿ ಹಾಯುತ್ತದೆ. ಉಕ್ಕು ಇರುವ ಕೇಬಲನ್ನು ಆಫೀಸಿನ ಒಳಗೆ ತರುವ ಮೊದಲು ಲೋಹವನ್ನು ಕತ್ತರಿಸಿ ಅರ್ತಿಂಗ್ ಮಾಡಿ.

ಹೆಜ್ಜೆ 10: ಮನೆಯೊಳಗೆ

ಕೇರಿಯ ಪೆಟ್ಟಿಗೆಯಿಂದ ಡ್ರಾಪ್ ಕೇಬಲ್, ಗೋಡೆಯ ಮೇಲೆ ಒಂದು ಕ್ಲಾಂಪ್, ಒಳಗೆ ಓಎನ್‌ಟಿ. ಕೇಬಲ್ ಗೋಡೆ ಹೊಗುವ ಮುನ್ನ ಕೆಳಗೆ ಒಂದು ಸಣ್ಣ ಬಾಗು ಕೊಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಲಿ.

ಮನೆಗೆ ಬಂದ ಬೆಳಕಿನ ಬಲವನ್ನು ಪವರ್ ಮೀಟರಿನಲ್ಲಿ ಅಳೆಯಿರಿ, ಅದನ್ನು ಡಿಬಿಎಂನಲ್ಲಿ ಹೇಳುತ್ತಾರೆ. ಜಿಪಾನ್ ಓಎನ್‌ಟಿಗೆ ಸಾಮಾನ್ಯವಾಗಿ ಮೈನಸ್ 8ರಿಂದ ಮೈನಸ್ 27 ಡಿಬಿಎಂ ತನಕ ನಡೆಯುತ್ತದೆ. ಮೈನಸ್ 24ಕ್ಕಿಂತ ಕೆಳಗಿದ್ದರೆ ಸುಮ್ನೆ ಬಿಟ್ಟು ಬರಬೇಡಿ. ತುಂಬ ಸಲ ಕೊಳೆಯಾದ ಕನೆಕ್ಟರೇ ಕಾರಣ. ಇನ್ನೊಂದು ಕಾರಣ, ಹಸಿರು ಕನೆಕ್ಟರನ್ನು ನೀಲಿಗೆ ಚುಚ್ಚಿರುವುದು. ಹಸಿರಿನ ತುದಿ 8 ಡಿಗ್ರಿ ಓರೆ, ನೀಲಿಯದು ನೇರ. ಒಳಗೆ ಕೂರುತ್ತದೆ, ಬೆಳಕು ಮಾತ್ರ ಸೋರುತ್ತದೆ. ಅಳತೆಯನ್ನು ಮನೆ ನಂಬರಿನ ಮುಂದೆ ಬರೆದಿಡಿ. ಮುಂದಿನ ವರ್ಷ ಅದೇ ಮನೆಯಲ್ಲಿ 3 ಡಿಬಿ ಕಡಿಮೆ ಬಂದರೆ ಎಲ್ಲೋ ಏನೋ ಆಗಿದೆ ಎಂದು ಗೊತ್ತಾಗುವುದು ಹೀಗೆಯೇ.

ವೈಫೈ ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನ ಹಿಂದೆ ಇಡದಂತೆ ಹೇಳಿ ಬನ್ನಿ. ನೆಟ್ ಸ್ಲೋ ಎಂಬ ದೂರುಗಳಲ್ಲಿ ಎಷ್ಟೋ ಅಲ್ಲೇ ಮುಗಿಯುತ್ತವೆ.

ಹೆಜ್ಜೆ 11: ತಿಂಗಳ ಲೆಕ್ಕ

ಬ್ಯಾಕ್‌ಹಾಲ್ ಬಾಡಿಗೆ, ಕಂಬದ ಬಾಡಿಗೆ, ಕರೆಂಟ್, ಇಬ್ಬರ ಸಂಬಳ. ಇದಕ್ಕೆ ಐದನೆಯದಾಗಿ ರಿಪೇರಿ ನಿಧಿ ಸೇರಿಸಿ. ವಸೂಲಾದ ಹಣದಲ್ಲಿ ಹತ್ತಕ್ಕೆ ಒಂದು ಭಾಗವಾದರೂ ಬೇರೆ ಖಾತೆಗೆ ಹೋಗಲಿ ಎನ್ನುವುದು ನನ್ನ ಅಂದಾಜು. ಒಟ್ಟನ್ನು ಊರಿನ ಎಲ್ಲ ಮನೆಗಳಿಂದ ಭಾಗಿಸಬೇಡಿ, ಮೊದಲ ವರ್ಷ ಸೇರುವ ಮನೆಗಳಿಂದ ಭಾಗಿಸಿ. ಅರ್ಧ ಮನೆ ಸೇರಿದರೆ ದೊಡ್ಡ ಮಾತು. ಆ ದರ ಜನರಿಗೆ ಎಟುಕದಿದ್ದರೆ ಪಕ್ಕದ ಹಳ್ಳಿಗಳನ್ನೂ ಜೊತೆಗೆ ಸೇರಿಸಿಕೊಂಡು ಬ್ಯಾಕ್‌ಹಾಲ್ ಹಂಚಿಕೊಳ್ಳಿ. ಪ್ರೀಪೇಯ್ಡ್ ಇಟ್ಟರೆ ಮನೆಮನೆ ತಿರುಗಿ ಹಣ ಕೇಳುವ ಮುಜುಗರ ತಪ್ಪುತ್ತದೆ.

ಹೆಜ್ಜೆ 12: ಕಟ್ ಆದ ದಿನ

ಫೋನ್ ಬಂತು. ಮೊದಲು ಏಣಿ ಹುಡುಕಬೇಡಿ, ಓಎಲ್‌ಟಿ ತೆರೆದು ನೋಡಿ. ಒಂದೇ ಮನೆ ಹೋಗಿದ್ದರೆ ಡ್ರಾಪ್ ಕೇಬಲ್. ಎಂಟು ಮನೆ ಒಟ್ಟಿಗೆ ಹೋಗಿದ್ದರೆ ಆ ಕೇರಿಯ ಲೈನ್. ಪೋರ್ಟ್ ಪೂರ್ತಿ ಹೋಗಿದ್ದರೆ ಮುಖ್ಯ ಕೇಬಲ್. ಬರೀ ಕರೆಂಟ್ ಹೋಗಿದೆಯೋ ಎಂದೂ ಇಲ್ಲೇ ತಿಳಿಯುತ್ತದೆ. ಹೆಚ್ಚಿನ ಓಎನ್‌ಟಿಗಳು ಕರೆಂಟ್ ಹೋದಾಗ ಆರುವ ಮುನ್ನ ಒಂದು ಕೊನೆಯ ಸಂದೇಶ ಕಳಿಸುತ್ತವೆ. ಆ ಸಂದೇಶ ಇಲ್ಲದೆ ಮಾಯವಾಗಿದ್ದರೆ, ಮನೆಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಮಿನುಗುತ್ತಿದ್ದರೆ, ಫೈಬರೇ ಕಟ್.

ಬೆಳಕಿಲ್ಲದ ಆ ಎಳೆಗೆ ಓಟಿಡಿಆರ್ ಹಾಕಿ. ಯಂತ್ರ 4.62 ಕಿಲೋಮೀಟರ್ ಎಂದು ತೋರಿಸಿತು. ಬೈಕಿನ ಮೀಟರ್ ನೋಡಿಕೊಂಡು 4.62 ಕಿಲೋಮೀಟರ್ ಹೋದರೆ ಅಲ್ಲಿ ಏನೂ ಇರುವುದಿಲ್ಲ! ಓಟಿಡಿಆರ್ ಅಳೆಯುವುದು ಗಾಜಿನ ಉದ್ದವನ್ನು. ಅದರಲ್ಲಿ ನೀವೇ ಕಟ್ಟಿದ ಎಂಟೊಂಬತ್ತು ಲೂಪ್ ಸೇರಿವೆ, ಕಂಬಗಳ ನಡುವಿನ ಜೋಲು ಸೇರಿದೆ, ಕೊಳವೆಯೊಳಗೆ ಎಳೆ ಸುರುಳಿಯಾಗಿರುವ ಒಂದೆರಡು ಪ್ರತಿಶತವೂ ಸೇರಿದೆ. ಆದ್ದರಿಂದ ಆಫೀಸಿನಿಂದ ಅಳೆಯಬೇಡಿ. ಅದೇ ಗ್ರಾಫಿನಲ್ಲಿ ಕಟ್‌ಗಿಂತ ಹಿಂದಿನ ಜಾಯಿಂಟ್ ಹುಡುಕಿ. ಅದು 4.10ರಲ್ಲಿದೆ ಎನ್ನಿ. ಜಾಯಿಂಟಿನಿಂದ ಕಟ್‌ಗೆ ಗಾಜಿನ ಲೆಕ್ಕದಲ್ಲಿ 520 ಮೀಟರ್, ಕೇಬಲಿನ ಲೆಕ್ಕದಲ್ಲಿ ಸುಮಾರು 512. ಪುಸ್ತಕ ತೆಗೆಯಿರಿ. ಆ ಜಾಯಿಂಟ್ ಕಂಬ 41ರಲ್ಲಿ, ಅಂಕೆ 2010. ಅಲ್ಲಿಂದ ಮುಂದೆ ಕೇಬಲಿನ ಮೇಲೆ 2522 ಎಂದು ಅಚ್ಚಾಗಿರುವ ಜಾಗದ ಆಸುಪಾಸು. ಯಾವ ಎರಡು ಕಂಬಗಳ ನಡುವೆ ಎಂದು ಪುಸ್ತಕವೇ ಹೇಳುತ್ತದೆ. ಆ ಹುಡುಗನ ಬೇಜಾರಿನ ಕೆಲಸ ಫಲ ಕೊಡುವುದು ಈ ಕ್ಷಣದಲ್ಲಿ.

ಜಾಗಕ್ಕೆ ಹೋಗಿ, ಎರಡೂ ಕಡೆಯ ಲೂಪ್ ಬಿಚ್ಚಿ, ಕೇಬಲ್ ಎಳೆದುಕೊಂಡು ನೆರಳಿನಲ್ಲಿ ಕೂರಿ. ಜೆಸಿಬಿ ಎಳೆದ ಕೇಬಲ್, ಕಟ್ ಕಂಡ ಜಾಗಕ್ಕಿಂತ ಒಂದೆರಡು ಮೀಟರ್ ಒಳಗೂ ಜಜ್ಜಿರುತ್ತದೆ, ಧಾರಾಳವಾಗಿ ಕತ್ತರಿಸಿ. 24 ಎಳೆಗಳಲ್ಲಿ ಮೊದಲು ಬಳಕೆಯಲ್ಲಿರುವವನ್ನು ಜೋಡಿಸಿ. ಒಂದೊಂದು ಜೋಡಿಸಿದಾಗಲೂ ಆಫೀಸಿನಲ್ಲಿರುವವರಿಗೆ ಫೋನ್ ಮಾಡಿ, ಓಎಲ್‌ಟಿಯಲ್ಲಿ ಮನೆಗಳು ಮತ್ತೆ ಏಳುತ್ತಿವೆಯಾ ಕೇಳಿ. ಆಮೇಲೆ ಉಳಿದ ಎಳೆಗಳನ್ನೂ ಬಿಡದೆ ಜೋಡಿಸಿ. ನಾಳೆ ಮಾಡೋಣ ಎಂದು ಬಿಟ್ಟ ಎಳೆ ಹಾಗೇ ಸತ್ತಿರುತ್ತದೆ.

ಕ್ಲೋಶರ್ ಮುಚ್ಚಿ ಕಂಬಕ್ಕೆ ಕಟ್ಟಿದ ಮೇಲೆ ಪುಸ್ತಕ ಮತ್ತೆ ತೆರೆಯಿರಿ. ಹೊಸ ಜಾಯಿಂಟ್ ಯಾವ ಕಂಬದಲ್ಲಿ, ಎರಡೂ ಬದಿಯ ಕೇಬಲ್ ಅಂಕೆ ಎಷ್ಟು, ಓಟಿಡಿಆರ್ ಎಷ್ಟು ನಷ್ಟ ತೋರಿಸಿತು ಬರೆಯಿರಿ. ಪಡುವಣ ಲೂಪಿನಲ್ಲಿ 20 ಮೀಟರ್ ಇದ್ದದ್ದು ಈಗ 9 ಉಳಿದಿದೆ, ಮೂಡಣದ್ದರಲ್ಲಿ 14. ಅದನ್ನೂ ಬರೆದು, ತಾರೀಕು ಹಾಕಿ, ಆಮೇಲೆ ಮೆಷಿನ್ ಪೆಟ್ಟಿಗೆ ಮುಚ್ಚಿ.